ಆಸ್ಕರ್ ತರುವ ಮುನ್ನ ಕೊಡ ಎಣಿಸಿ

ಅಕ್ವೇರಿಯಂ ಅಂಗಡಿಯಲ್ಲಿ ಮಾರಾಟಕ್ಕಿರುವ ಆಸ್ಕರ್ ಮರಿ ಎರಡಂಗುಲದ ಮೀನು. ಕಪ್ಪು ಮೈಮೇಲೆ ಬಿಳಿ ಗೀರುಗಳು, ಮೈಗೆ ದೊಡ್ಡದೆನಿಸುವ ಕಣ್ಣು, ಯಾರಾದರೂ ಗಾಜಿನ ಹತ್ತಿರ ಬಂದರೆ ಓಡದೆ ಎದುರಿಗೇ ಬಂದು ನಿಂತು ನೋಡುವ ಧೈರ್ಯ. ಮಕ್ಕಳು ಹಟ ಹಿಡಿಯುತ್ತಾರೆ, ದೊಡ್ಡವರಿಗೂ ಮನಸ್ಸಾಗುತ್ತದೆ. ಎರಡಡಿಯ ಗಾಜಿನ ತೊಟ್ಟಿ, ನಾಲ್ಕು ಹಿಡಿ ಬಣ್ಣದ ಕಲ್ಲು, ಗುಳ್ಳೆ ಬಿಡುವ ಪಂಪು ಎಲ್ಲ ಸೇರಿ ಮನೆಗೆ ಬರುತ್ತವೆ. ಮರಿ ತಿಂಗಳಿಗೆ ಹತ್ತಿರಹತ್ತಿರ ಒಂದಂಗುಲ ಬೆಳೆಯುತ್ತದೆ. ವರ್ಷ ತುಂಬುವ ಹೊತ್ತಿಗೆ ಎಂಟು ಹತ್ತು ಅಂಗುಲವಾಗಿ, ಆಮೇಲೆ ನಿಧಾನಕ್ಕೆ ಒಂದಡಿ ಮುಟ್ಟುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಇಷ್ಟು ತಿಳಿದವರು ಕೇಳುವ ಮೊದಲ ಪ್ರಶ್ನೆ, ಎಷ್ಟು ದೊಡ್ಡ ತೊಟ್ಟಿ ಬೇಕು ಎಂಬುದು. ಕೇಳಬೇಕಾದ್ದೇ, ಆದರೆ ದಾವಣಗೆರೆ, ಹರಿಹರದ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು: ವಾರಕ್ಕೆ ಎಷ್ಟು ಕೊಡ ಹೊಸ ನೀರನ್ನು ಆ ಮೀನಿಗೆ ಎತ್ತಿಡಬಲ್ಲಿರಿ, ಅದೂ ಮೇ ತಿಂಗಳಲ್ಲಿ?

ಆಸ್ಕರ್ ಸಿಕ್ಲಿಡ್ ಎಂಬ ದೊಡ್ಡ ಮೀನು ಕುಟುಂಬಕ್ಕೆ ಸೇರಿದ್ದು. ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. 1831ರಲ್ಲಿ ಇದನ್ನು ಮೊದಲು ವರ್ಣಿಸಿದ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಇದು ಸಮುದ್ರದ ಮೀನೆಂದೇ ತಿಳಿದಿದ್ದ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ, ಅಂದರೆ ತಿಲಾಪಿಯಾ, ಇದರ ನೆಂಟ. ನೆತ್ತಿಯ ಮೇಲೆ ಗಡ್ಡೆ ಬೆಳೆಸಿಕೊಂಡು ಅದೃಷ್ಟದ ಮೀನೆಂದು ಹೆಸರಾದ ಫ್ಲವರ್‌ಹಾರ್ನ್ ಕೂಡ ಇದೇ ಕುಟುಂಬದ್ದೇ. ಅದು ಯಾವ ನದಿಯಲ್ಲೂ ಹುಟ್ಟಿದ್ದಲ್ಲ, 1990ರ ದಶಕದಲ್ಲಿ ಮಲೇಷ್ಯಾದ ಮೀನು ಸಾಕಣೆದಾರರು ತಳಿ ಬೆರೆಸಿ ಮಾಡಿದ್ದು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು, ಅವುಗಳಲ್ಲೊಂದು ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿರುವ ಕೆನರಾ ಪರ್ಲ್‌ಸ್ಪಾಟ್. ವಂಶಾವಳಿ ಇಲ್ಲಿಗೆ ಸಾಕು. ಮನೆಯಲ್ಲಿ ಸಾಕುವವರು ನೆನಪಿಡಬೇಕಾದ್ದು ಒಂದೇ: ಆಸ್ಕರ್ ಮತ್ತು ಫ್ಲವರ್‌ಹಾರ್ನ್ ಹೆಚ್ಚು ಪ್ರೋಟೀನ್ ತಿನ್ನುವ ಭಾರೀ ಮೀನುಗಳು. ತಿಂದ ಪ್ರೋಟೀನಿನ ದೊಡ್ಡ ಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ಅದೇ ನೀರಿಗೆ ಬರುತ್ತದೆ.

ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಬಹುದು, ಹಾಕಲೇಬೇಕು. ಮೀನು ಸಾಕಣೆಯವರು ಬಳಸುವ ಅಂದಾಜಿನ ಪ್ರಕಾರ ಶೇ 40ರಷ್ಟು ಪ್ರೋಟೀನ್ ಇರುವ ಆಹಾರದ ತೂಕದಲ್ಲಿ ಶೇ 3ರಿಂದ 4ರಷ್ಟು ಅಮೋನಿಯಾ ಸಾರಜನಕವಾಗಿ ನೀರು ಸೇರುತ್ತದೆ. ಬೆಳೆದ ಆಸ್ಕರ್ ದಿನಕ್ಕೆ ಆರು ಗ್ರಾಂ ಗುಳಿಗೆ ತಿಂದರೆ ಸುಮಾರು 200 ಮಿಲಿಗ್ರಾಂ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಕಂಠಮಟ್ಟ ತುಂಬಿದರೂ 56 ಲೀಟರ್ ನೀರು. ಒಂದೇ ದಿನದಲ್ಲಿ ಲೀಟರಿಗೆ ಮೂರೂವರೆ ಮಿಲಿಗ್ರಾಂ ಅಮೋನಿಯಾ ಸಾರಜನಕ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ 450 ಲೀಟರ್. ಅಲ್ಲಿ ಅದು ಅರ್ಧ ಮಿಲಿಗ್ರಾಮಿಗೂ ಕಡಿಮೆ. ಒಂದು ಮಿಲಿಗ್ರಾಂ ಕೂಡ ಈ ಮೀನಿಗೆ ಹೆಚ್ಚೇ. ದೊಡ್ಡ ತೊಟ್ಟಿ ಬೇಕೆನ್ನುವುದಕ್ಕೆ ಮೊದಲ ಕಾರಣ ಇದು: ಪಂಪು ನಿಂತರೆ, ಒಂದು ದಿನ ಆಹಾರ ಹೆಚ್ಚಾದರೆ, ಮನೆಯವರೆಲ್ಲ ಊರಿಗೆ ಹೋಗಿ ಬಂದರೆ, ತಪ್ಪನ್ನು ಸರಿಪಡಿಸಲು ದೊಡ್ಡ ತೊಟ್ಟಿ ಸಮಯ ಕೊಡುತ್ತದೆ. ಇನ್ನೊಂದು ಕಾರಣಕ್ಕೆ ಅಂಗುಲಪಟ್ಟಿ ಸಾಕು. ಒಂದಡಿ ಉದ್ದದ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ಮೈ ಬಗ್ಗಿಸದೆ ತಿರುಗಲಾರದು.

ಫಿಲ್ಟರ್ ಇದ್ದರೆ ನೀರು ಬದಲಿಸುವ ಗೋಜೇ ಇಲ್ಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಫಿಲ್ಟರಿನ ಸ್ಪಂಜು, ಸಿರಾಮಿಕ್ ಚೂರುಗಳ ಮೇಲೆ ನೆಲೆಗೊಳ್ಳುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಮೊದಲೆರಡರಷ್ಟು ವಿಷವಲ್ಲ, ಆದರೆ ಅಲ್ಲಿಗೆ ಫಿಲ್ಟರಿನ ಕೆಲಸ ಮುಗಿಯಿತು. ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ, ವಾರದಿಂದ ವಾರಕ್ಕೆ ಏರುತ್ತದೆ. ದಿನದ 200 ಮಿಲಿಗ್ರಾಂ ಅಮೋನಿಯಾ ಸಾರಜನಕ ಪೂರ್ತಿ ಮಾರ್ಪಟ್ಟರೆ ಸುಮಾರು 890 ಮಿಲಿಗ್ರಾಂ ನೈಟ್ರೇಟ್, ವಾರಕ್ಕೆ 6,200 ಮಿಲಿಗ್ರಾಂ. ಗಿಡವಿಲ್ಲದ ತೊಟ್ಟಿಯಿಂದ ಇದನ್ನು ಹೊರಹಾಕಲು ಮನೆಯಲ್ಲಿ ಸಾಧ್ಯವಿರುವ ದಾರಿ ಹಳೆ ನೀರು ತೆಗೆದು ಹೊಸ ನೀರು ಹಾಕುವುದು. ಆಸ್ಕರ್ ಇರುವ ತೊಟ್ಟಿಯಲ್ಲಿ ಗಿಡ ಉಳಿಯುವುದೂ ಇಲ್ಲ, ಬುಡಸಮೇತ ಕಿತ್ತು ತೇಲಿಬಿಡುತ್ತದೆ.

ಲೆಕ್ಕದ ಸ್ವಾರಸ್ಯ ಇರುವುದು ಇಲ್ಲಿ. ವಾರಕ್ಕೆ 6,200 ಮಿಲಿಗ್ರಾಂ ನೈಟ್ರೇಟ್ ಹುಟ್ಟುತ್ತಿದ್ದರೆ, ಕೊನೆಗೆ ಅದು ಯಾವ ಮಟ್ಟದಲ್ಲಿ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸುವುದು ತೊಟ್ಟಿಯ ಗಾತ್ರವಲ್ಲ, ವಾರಕ್ಕೆ ಬದಲಿಸುವ ನೀರಿನ ಪ್ರಮಾಣ. ಬದಲಿಸುವುದು 150 ಲೀಟರ್ ಆದರೆ, ತೊಟ್ಟಿ 450 ಲೀಟರಿನದಾಗಲಿ 255 ಲೀಟರಿನದಾಗಲಿ, ನೀರು ಬದಲಿಸುವ ದಿನದ ಹೊತ್ತಿಗೆ ನೈಟ್ರೇಟ್ ಲೀಟರಿಗೆ ಸುಮಾರು 40 ಮಿಲಿಗ್ರಾಮಿನಲ್ಲಿ ನಿಲ್ಲುತ್ತದೆ. ದೊಡ್ಡ ಸಿಕ್ಲಿಡ್ ಸಾಕುವವರು ಸಾಮಾನ್ಯವಾಗಿ ದಾಟಬಾರದೆಂದು ಇಟ್ಟುಕೊಂಡಿರುವ ಗೆರೆಯೂ ಹೆಚ್ಚುಕಡಿಮೆ ಅದೇ. ಬದಲಿಸುವುದು 50 ಲೀಟರ್ ಮಾತ್ರ ಆದರೆ ಎರಡೂ ತೊಟ್ಟಿಗಳಲ್ಲಿ ಅದು ಕಾಲಕ್ರಮೇಣ 120 ದಾಟುತ್ತದೆ; ದೊಡ್ಡದರಲ್ಲಿ ಸ್ವಲ್ಪ ತಡವಾಗಿ ದಾಟುತ್ತದೆ, ಅಷ್ಟೇ. ತಲೆಯ ಮೇಲೆ ಸಣ್ಣ ತೂತುಗಳು ಬಿದ್ದು ಹಿಗ್ಗುವ ಕಾಯಿಲೆ ಆಸ್ಕರ್‌ಗೆ ಬಹಳ ಸಾಮಾನ್ಯ. ಅದಕ್ಕೆ ಪರೋಪಜೀವಿ, ವಿಟಮಿನ್ ಕೊರತೆ ಎಂದು ಹಲವು ಕಾರಣ ಹೇಳುತ್ತಾರೆ, ಆದರೆ ಹೆಚ್ಚಾಗಿ ಕಾಣಿಸುವುದು ನೀರು ಬದಲಿಸದ ತೊಟ್ಟಿಗಳಲ್ಲೇ. ಹದಿನೈದು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ 150 ಲೀಟರ್ ಎಂದರೆ ಹತ್ತು ಕೊಡ. ಒಂದು ಬೆಳೆದ ಆಸ್ಕರ್, ವಾರಕ್ಕೆ ಹತ್ತು ಕೊಡ. ಎರಡು ಮೀನು ಸಾಕಿದರೆ ಇಪ್ಪತ್ತು.

ಮೀನು ತೊಟ್ಟಿಯ ಅಳತೆಗೆ ತಕ್ಕಂತೆ ಬೆಳೆಯುತ್ತದೆ, ಚಿಕ್ಕ ತೊಟ್ಟಿಯಲ್ಲಿಟ್ಟರೆ ಚಿಕ್ಕದಾಗೇ ಉಳಿಯುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಚಿಕ್ಕ ತೊಟ್ಟಿಯ ಮೀನು ಕುಗ್ಗಿ ಉಳಿಯುವುದು ನಿಜ. ಕೊಳಕು ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಮೈ ಗಿಡ್ಡಾಗುತ್ತದೆ, ಬೆನ್ನು ಬಾಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಅದನ್ನು ಹೊಂದಿಕೆ ಎನ್ನುವುದಾದರೆ ಹಸಿವಿನಿಂದ ಸೊರಗಿದ್ದನ್ನೂ ಹೊಂದಿಕೆ ಎನ್ನಬೇಕಾಗುತ್ತದೆ. ಪಕ್ಕದ ಮನೆಯ ಫ್ಲವರ್‌ಹಾರ್ನ್ ಎರಡಡಿ ತೊಟ್ಟಿಯಲ್ಲೇ ಐದು ವರ್ಷ ಬದುಕಿದೆಯಲ್ಲ ಎಂದರೆ, ಈ ಮೀನುಗಳು ಗಟ್ಟಿ ಪಿಂಡ, ಅನುಮಾನವಿಲ್ಲ. ಹತ್ತು ವರ್ಷ ಬದುಕಬಲ್ಲದ್ದು ಐದು ವರ್ಷ ಬದುಕಿದ್ದು ಸಾಕಣೆಯ ಯಶಸ್ಸಿಗೆ ಸಾಕ್ಷಿ ಆಗದು.

ಇನ್ನು ಆ ಹತ್ತು ಕೊಡ ನೀರು ಎಂಥದ್ದು ಎನ್ನುವುದು. ಹರಿಹರ ಕುಡಿಯುವುದು ತುಂಗಭದ್ರೆಯನ್ನು. ದಾವಣಗೆರೆಗೆ ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ಹೊಳೆಯಿಂದ ಎತ್ತುವ ನೀರೂ ಬರುತ್ತದೆ, ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ನೀರೂ ಬರುತ್ತದೆ. ಎರಡರ ಮೂಲವೂ ಮಲೆನಾಡಿನ ಮಳೆ. ತುಂಗಾ ಪಾನ, ಗಂಗಾ ಸ್ನಾನ ಎಂದು ಹಿರಿಯರು ಹೇಳಿದ ಈ ಮೆದು ನೀರು ಅಮೆಜಾನಿನ ಮೀನಿಗೂ ಒಗ್ಗುತ್ತದೆ. ಬೋರ್‌ವೆಲ್ ನೀರಿನ ಕತೆ ಬೇರೆ. ಬಯಲುಸೀಮೆಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬಕೆಟ್ ಅಂಚಿಗೆ, ಗೀಸರ್ ಒಳಗೆ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಗಡಸುತನವನ್ನು ಆಸ್ಕರ್ ಸಹಿಸಿಕೊಳ್ಳುತ್ತದೆ. ತೊಂದರೆ ಕೊಡುವುದು ಗಡಸಿನ ಜೊತೆಗೆ ಬರುವ ಕ್ಷಾರಗುಣ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ವಿಷವಾಗುವುದು ಮುಖ್ಯವಾಗಿ ಅದರ ಒಂದು ರೂಪ. 25 ಡಿಗ್ರಿ ಬಿಸಿಯ ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪ ನೂರಕ್ಕೆ ಅರ್ಧ ಪಾಲು ಮಾತ್ರ. ಪಿಎಚ್ 8 ಆದರೆ ಐದು ಪಾಲಿಗೂ ಹೆಚ್ಚು. ಅದೇ ಮೀನು, ಅದೇ ಆಹಾರ, ಅದೇ ತೊಟ್ಟಿ, ವಿಷ ಮಾತ್ರ ಹತ್ತು ಪಟ್ಟು. ಬಿಸಿಲು ಏರಿದರೆ ಇನ್ನೂ ಹೆಚ್ಚು. ಬೋರ್ ನೀರನ್ನೇ ನೆಚ್ಚಿಕೊಂಡ ಮನೆಯಲ್ಲಿ ಫಿಲ್ಟರ್ ಒಂದು ದಿನ ಕೈಕೊಟ್ಟರೂ ಮೀನು ಉಳಿಯದಿರುವುದಕ್ಕೆ ಇದೇ ಕಾರಣ. ಜೊತೆಗೆ, ಗೊಬ್ಬರ ಸುರಿಯುವ ಗದ್ದೆ ತೋಟಗಳ ನಡುವಿನ ಬೋರ್‌ಗಳಲ್ಲಿ ಮೊದಲೇ ನೈಟ್ರೇಟ್ ಇರಬಹುದು. ಕುಡಿಯುವ ನೀರಿಗೆ ನಮ್ಮ ಮಾನಕ ಸಂಸ್ಥೆ ಹಾಕಿರುವ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಅಷ್ಟಿರುವ ನೀರನ್ನು ಎಷ್ಟು ಕೊಡ ಹಾಕಿದರೂ ತೊಟ್ಟಿಯ ಮಟ್ಟ ಅದರ ಕೆಳಗಿಳಿಯದು. ಅಂಗಡಿಯಲ್ಲಿ ಸಿಗುವ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ಟಿನಿಂದ ಮೊದಲು ತೊಟ್ಟಿಯ ನೀರನ್ನಲ್ಲ, ಮನೆಯ ನೀರನ್ನು ಪರೀಕ್ಷಿಸಬೇಕು. ಆರ್‌ಓ ಯಂತ್ರದಿಂದ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಮೀನಿಗೆ ಕೊಡೋಣ ಎಂಬ ಜಾಣತನ ಬೇಡ. ಲವಣ, ನೈಟ್ರೇಟ್ ಎರಡೂ ಅದರಲ್ಲಿ ಗಟ್ಟಿಯಾಗಿರುತ್ತವೆ. ಶುದ್ಧ ಆರ್‌ಓ ನೀರೊಂದನ್ನೇ ಹಾಕುವುದೂ ತಪ್ಪು, ಖನಿಜವಿಲ್ಲದ ನೀರಿನಲ್ಲಿ ಪಿಎಚ್ ಹೇಳದೆ ಕೇಳದೆ ಕುಸಿಯುತ್ತದೆ. ಗಡಸು ಬೋರ್ ನೀರಿಗೆ ಅರ್ಧದಷ್ಟು ನಲ್ಲಿ ನೀರು ಬೆರೆಸುವುದು ಒಳ್ಳೆಯ ದಾರಿ.

ನಲ್ಲಿ ನೀರಿನ ಅಪಾಯ ಕ್ಲೋರಿನ್. ಮನುಷ್ಯರ ಕ್ಷೇಮಕ್ಕೆ ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕೆಂಬ ನಿಯಮವಿದೆ, ಮೀನಿನ ಕಿವಿರಿಗೆ ಅಷ್ಟು ಸಾಕು ಸುಡಲು. ನೀರು ಬಿಟ್ಟ ದಿನವೇ ಸಂಪಿನಿಂದ ಎತ್ತಿ ತೊಟ್ಟಿಗೆ ಹಾಕಬಾರದು. ಹತ್ತು ಕೊಡಗಳಲ್ಲೋ ಒಂದು ಡ್ರಮ್ಮಿನಲ್ಲೋ ಮುಚ್ಚದೆ ಒಂದು ದಿನ ಇಟ್ಟು, ಗಾಳಿಯ ಕಲ್ಲು ಹಾಕಿ ಗುಳ್ಳೆ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿಕ್ಲೋರಿನ್ ಎಂದು ಮಾರುವ ಹೈಪೋ ದ್ರಾವಣ. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಸಂಪಿನ ನೀರು ತೊಟ್ಟಿಗೆ ಬೇಡವೇ ಬೇಡ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ಕೊಡದೊಳಗೆ ಪಟಿಕ ತಿರುಗಿಸಿ ತಿಳಿಯಾಗಿಸುವ ರೂಢಿ ಇನ್ನೂ ಇದೆ. ಆ ನೀರನ್ನೂ ಮೀನಿಗೆ ಕೊಡಬಾರದು. ಪಟಿಕ ಪಿಎಚ್ ಇಳಿಸುತ್ತದೆ, ಅದರ ಅಲ್ಯೂಮಿನಿಯಂ ಕಿವಿರಿಗೆ ಒಳ್ಳೆಯದಲ್ಲ. ಕೆಸರು ನೀರನ್ನು ಒಂದೆರಡು ದಿನ ಅಲುಗಾಡಿಸದೆ ಇಟ್ಟು ಮೇಲಿನ ತಿಳಿಯನ್ನು ಬಸಿದುಕೊಂಡರೆ ಸಾಕು. ಬದಲಿಸುವ ಕೆಲಸ ಹೀಗೆ: ಹೀಟರ್, ಫಿಲ್ಟರಿನ ಪ್ಲಗ್ ಮೊದಲು ಕೀಳಿ. ಪೈಪಿನ ಒಂದು ತುದಿ ತೊಟ್ಟಿಯ ತಳದಲ್ಲಿ, ಇನ್ನೊಂದು ತುದಿ ನೆಲದ ಮೇಲಿನ ಬಕೆಟ್ಟಿನಲ್ಲಿ. ಕಲ್ಲುಗಳ ಸಂದಿಯಲ್ಲಿ ಕಂದು ಹೊಗೆಯಂತೆ ಏಳುವ ಹೊಲಸಿನ ಹಿಂದೆ ಪೈಪನ್ನು ನಿಧಾನಕ್ಕೆ ಸರಿಸುತ್ತ ಹೋದರೆ ಆಸ್ಕರ್ ಸುಮ್ಮನಿರುವುದಿಲ್ಲ, ಪೈಪಿಗೆ ಮೂತಿ ತಗುಲಿಸುತ್ತದೆ, ಕೈಯನ್ನು ಕಚ್ಚಲೂಬಹುದು. ಮೊದಲ ಬಕೆಟ್ಟಿನ ಹಳೆ ನೀರಿನಲ್ಲೇ ಫಿಲ್ಟರಿನ ಸ್ಪಂಜನ್ನು ಹಿಂಡಿ ತೊಳೆಯಿರಿ. ನಲ್ಲಿ ಕೆಳಗೆ ಹಿಡಿದರೆ ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಒಂದು ನಿಮಿಷದಲ್ಲಿ ಹೋಗುತ್ತದೆ. ಹೊಸ ನೀರನ್ನು ಒಮ್ಮೆಗೇ ಸುರಿಯದೆ, ಬೆರಳು ಅದ್ದಿ ಬಿಸಿ ತಣ್ಣಗೆ ಹೊಂದುತ್ತದೆಯೇ ನೋಡಿ, ಒಂದೊಂದೇ ಕೊಡ ಹಾಕಿ.

ಜನರಿಗೇ ನೀರಿಲ್ಲದ ಊರಿನಲ್ಲಿ ಮೀನಿಗೆ ಹತ್ತು ಕೊಡವೇ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ತಮಾಷೆಯಲ್ಲಿ ತಳ್ಳಿಹಾಕುವಂತಿಲ್ಲ. ನಾಲೆ ನಿಂತು ಕೆರೆಯ ಮಟ್ಟ ಇಳಿಯುವ ಬೇಸಿಗೆಯಲ್ಲಿ ಬಡಾವಣೆಗಳ ಸರದಿ ದೂರವಾಗುತ್ತ ಹೋಗುತ್ತದೆ. ನೀರು ಬಿಡುವ ಹೊತ್ತಿಗೆ ರಾತ್ರಿಯೆಲ್ಲ ಎದ್ದು ಕೂರುವ ಮನೆಗಳಿವೆ. ದಿನವಿಡೀ ನೀರು ಕೊಡುವ ಗುರಿಯ ಜಲಸಿರಿ ಯೋಜನೆ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಬಂದದ್ದೂ ಈ ಕಷ್ಟಕ್ಕಾಗಿಯೇ. ಆದರೂ ಲೆಕ್ಕ ಲೆಕ್ಕವೇ. ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಆಸ್ಕರ್ ಕೇಳುವುದು ವಾರಕ್ಕೆ 150 ಲೀಟರ್, ಅಂದರೆ ಒಬ್ಬರ ಒಂದು ದಿನದ ಪಾಲಿಗಿಂತ ತುಸು ಹೆಚ್ಚು. ದಿನಕ್ಕೆ ಒಂದೂವರೆ ಕೊಡದ ಒಳಗೆ. ಪೈಪು ಹಿಡಿದು ಕಾರು ತೊಳೆಯುವ ಮನೆಗೆ ಇದು ಲೆಕ್ಕಕ್ಕೇ ಇಲ್ಲ. ತೆಗೆದ ನೀರೂ ದಂಡವಾಗುವುದಿಲ್ಲ, ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಕರಿಬೇವು, ದಾಸವಾಳ, ಹಿತ್ತಲ ತೆಂಗಿಗೆ ಹೇಗೂ ಹಾಕಬೇಕಾದ ನೀರಿನ ಬದಲು ಇದನ್ನು ಹಾಕಿದರೆ ಮನೆಯ ಒಟ್ಟು ಬಳಕೆ ಹೆಚ್ಚುವುದೇ ಇಲ್ಲ. ಟ್ಯಾಂಕರ್ ತರಿಸಿಕೊಂಡು ಬೇಸಿಗೆ ಕಳೆಯುವ, ಗಿಡವೂ ಹಿತ್ತಲೂ ಇಲ್ಲದ ಮನೆಯ ಮಾತು ಬೇರೆ. ಅಲ್ಲಿ ಆಸ್ಕರ್ ತರದಿರುವುದೇ ಸರಿ. ಮೂರು ನಾಲ್ಕು ಅಂಗುಲ ದಾಟದ ಕ್ರಿಬೆನ್ಸಿಸ್, ಕೇರಳ ಕರಾವಳಿಯ ಹಿನ್ನೀರಿನಲ್ಲೂ ಇರುವ ಆರೆಂಜ್ ಕ್ರೋಮೈಡ್ ಕೂಡ ಸಿಕ್ಲಿಡ್‌ಗಳೇ, ಎರಡು ಕೊಡದಲ್ಲಿ ವಾರ ಮುಗಿಯುತ್ತದೆ.

ತೊಟ್ಟಿಯ ವಿಷಯ ಚಿಕ್ಕದಾಗಿ. ನಾಲ್ಕಡಿ-ಎರಡಡಿ-ಎರಡಡಿಗೆ 12 ಮಿಲಿಮೀಟರ್ ಗಾಜು ಹಾಕಿಸಿ, ಮೇಲೆ ಭಾರದ ಮುಚ್ಚಳವಿರಲಿ, ಆಸ್ಕರ್ ಹಾರುತ್ತದೆ. ನೀರು, ಗಾಜು, ಸ್ಟ್ಯಾಂಡು ಸೇರಿ ಐನೂರೈವತ್ತು ಕಿಲೋ ಭಾರ ಮುಕ್ಕಾಲು ಚದರ ಮೀಟರಿನಲ್ಲಿ ಕೂರುತ್ತದೆ. ಮನೆಯ ಮಹಡಿಗಳನ್ನು ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ ಕಟ್ಟುವುದರಿಂದ ನೆಲಮಹಡಿ ಉತ್ತಮ, ಮೇಲಾದರೆ ಇಂಜಿನಿಯರನ್ನು ಕೇಳಿ ತೊಲೆಯ ಮೇಲೆ, ಗೋಡೆಗೆ ಒತ್ತಿ ಇಡಬೇಕು. ಬಿಸಿಲಿಗೆ ಕಾಯುವ ತಾರಸಿಯ ಕೆಳಗಿನ ಕೋಣೆ ಬೇಡ. ಏಪ್ರಿಲ್‌ನಲ್ಲಿ ನೀರು 32 ಡಿಗ್ರಿ ಮುಟ್ಟಿದರೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾಗುವುದು ಹೆಚ್ಚಾಗುತ್ತದೆ. ಮೇಲ್ಮೈ ಕದಡುವಂತೆ ಪಂಪು ತಿರುಗಿಸಿ, ಆಹಾರ ಕಡಿಮೆ ಮಾಡಿ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಥರ್ಮೋಸ್ಟಾಟ್ ಇರುವ ಹೀಟರ್ ಬೇಕು, ಅದಕ್ಕೆ ರಕ್ಷಾಕವಚವೂ ಬೇಕು, ಇಲ್ಲದಿದ್ದರೆ ಗುದ್ದಿ ಒಡೆಯುತ್ತದೆ. ಕರೆಂಟು ಹೋದಾಗ ಏರ್ ಪಂಪ್ ಯುಪಿಎಸ್ ಲೈನಿನಲ್ಲಿರಲಿ. ಗಂಟೆಗಟ್ಟಲೆ ನಿಂತ ಡಬ್ಬಿ ಫಿಲ್ಟರನ್ನು ಹಾಗೇ ಚಾಲೂ ಮಾಡದೆ ಒಳಗಿನ ಕೊಳೆತ ನೀರು ಚೆಲ್ಲಿ ಹಾಕಬೇಕು.

ಆಹಾರದ ವಿಷಯದಲ್ಲಿ ದಾವಣಗೆರೆಯವರಿಗೆ ಒಂದು ಮಾತು ಮೊದಲೇ ಹೇಳಬೇಕು: ಮಂಡಕ್ಕಿ ಬೇಡ. ದೇವಸ್ಥಾನದ ಹೊಂಡದಲ್ಲಿ ಎರಚಿ ರೂಢಿಯಾದ ಕೈ ಮನೆಯ ತೊಟ್ಟಿಗೂ ಎರಚುತ್ತದೆ. ಅದು ನೆನೆದು ಕದಡಿ ನೀರು ಕೆಡಿಸುತ್ತದೆಯೇ ಹೊರತು ಮೀನಿಗೆ ದಕ್ಕುವುದು ಅಲ್ಪ. ಆಸ್ಕರ್ ಬೇಟೆಗಾರ ಮೀನಲ್ಲವೇ, ಜೀವಂತ ಗೋಲ್ಡ್‌ಫಿಶ್ ಕೊಡಬಾರದೇಕೆ ಎನ್ನುವವರೂ ಇದ್ದಾರೆ. ಕಾಡಿನಲ್ಲಿ ಅದು ತಿನ್ನುವುದರಲ್ಲಿ ಹುಳುಹುಪ್ಪಟೆ, ಸಿಗಡಿ, ಬಸವನಹುಳುಗಳ ಪಾಲೂ ದೊಡ್ಡದು. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನ್ ಎಂಬ ವಿಟಮಿನ್ನನ್ನು ನಾಶಮಾಡುವ ಕಿಣ್ವವಿದೆ, ಅಗ್ಗದ ಮರಿಗಳ ಜೊತೆ ರೋಗವೂ ಬರುತ್ತದೆ. ಕೋಳಿ ಕರುಳು, ಲಿವರ್‌ನ ಕೊಬ್ಬು ಈ ಮೀನಿಗೆ ಅರಗದು. ಒಳ್ಳೆಯ ಗುಳಿಗೆ, ಆಗಾಗ ಸುಲಿದ ಸಿಗಡಿ, ಔಷಧಿ ಹೊಡೆಯದ ನೆಲದ ಎರೆಹುಳು ಸಾಕು. ವಾರಕ್ಕೊಂದು ದಿನ ಉಪವಾಸವಿದ್ದರೆ ಮೀನಿಗೂ ನೀರಿಗೂ ಒಳ್ಳೆಯದು. ಗಾಜಿನ ಬಳಿ ಬಂದು ಬಾಲ ಅಲ್ಲಾಡಿಸುವುದನ್ನೆಲ್ಲ ಹಸಿವೆಂದು ನಂಬಬೇಡಿ. ಮೇಲೆ ಹಾಕಿದ ಲೆಕ್ಕ ಆರು ಗ್ರಾಮಿನದು. ಹನ್ನೆರಡು ಗ್ರಾಂ ಹಾಕಿದರೆ ಇಪ್ಪತ್ತು ಕೊಡ ಬೇಕಾಗುತ್ತದೆ.

ಸಾಕಲಾಗದೆ ಹೋದಾಗ ಜನ ಮಾಡುವ ತಪ್ಪು ಮೀನನ್ನು ಹೊಳೆಗೋ ಕೆರೆಗೋ ಬಿಡುವುದು. ಜೀವ ಉಳಿಸಿದ ಪುಣ್ಯ ಬಂದಂತೆ ಕಾಣುತ್ತದೆ, ಆದರೆ 1952ರಲ್ಲಿ ಸಾಕಣೆಗೆಂದು ದೇಶಕ್ಕೆ ತಂದ ತಿಲಾಪಿಯಾ ಇವತ್ತು ಊರೂರ ಕೆರೆ ತುಂಬಿ ಸ್ಥಳೀಯ ಮೀನುಗಳ ಜಾಗ ಕಬಳಿಸಿದ್ದು ಕಣ್ಣ ಮುಂದಿದೆ. ನಮ್ಮ ಚಳಿ ಆಸ್ಕರ್‌ನ್ನು ಕೊಲ್ಲುವಷ್ಟಿಲ್ಲ. ಅಮೆರಿಕದ ಫ್ಲೋರಿಡಾದ ಕಾಲುವೆಗಳಲ್ಲಿ 1950ರ ದಶಕದ ಕೊನೆಯಿಂದ ಅದು ಬೇರೂರಿದೆ. ತುಂಗಭದ್ರೆಗಾಗಲಿ, ಊರು ಕುಡಿಯುವ ಕುಂದುವಾಡ ಕೆರೆಗಾಗಲಿ ಬಿಡುವ ಬದಲು ಮಾರಿದ ಅಂಗಡಿಗೇ ವಾಪಸು ಕೊಡುವ ಮಾತನ್ನು ಕೊಳ್ಳುವಾಗಲೇ ಆಡಿಕೊಳ್ಳಿ. ಎಂಟಂಗುಲ ದಾಟುವ ಮುನ್ನವಾದರೆ ಅವರಿಗೂ ಕೊಳ್ಳುವವರು ಸಿಗುತ್ತಾರೆ.

ಕೊಳ್ಳುವ ಕಾಲವೂ ಮುಖ್ಯ. ಜುಲೈನಲ್ಲಿ ಹೊಳೆ ತುಂಬಿ ಹರಿಯುವಾಗ ತಂದ ಎರಡಂಗುಲದ ಮರಿ ಮುಂದಿನ ಏಪ್ರಿಲ್ ಹೊತ್ತಿಗೆ ಒಂಬತ್ತು ಹತ್ತು ಅಂಗುಲವಾಗಿರುತ್ತದೆ. ಮೀನಿನ ಹಸಿವು ಮತ್ತು ಊರಿನ ನೀರಿನ ಬರ ಒಟ್ಟಿಗೇ ಬಂದು ನಿಲ್ಲುತ್ತವೆ. ಅದಕ್ಕೆ ತೊಟ್ಟಿಯನ್ನು ಏಪ್ರಿಲ್‌ನಲ್ಲೇ ತಂದು ತುಂಬಿಸಿ, ಮೀನು ಬೇಡ. ಫಿಲ್ಟರ್ ಓಡಲಿ, ದಿನಕ್ಕೊಂದು ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಿ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹೇಗೂ ಬೇಕು. ಆ ವಾರಗಳಲ್ಲಿ ಪ್ರತಿ ಭಾನುವಾರ ಸಂಪಿನಿಂದ ಹತ್ತು ಕೊಡ ಎತ್ತಿ ಪಕ್ಕಕ್ಕಿಟ್ಟು ಮರುದಿನ ಗಿಡಕ್ಕೆ ಹಾಕಿ. ಮನೆಯಲ್ಲಿ ಯಾರೂ ಗೊಣಗದೆ ಮೇ ಕಳೆದರೆ, ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ, ಜೂನ್ ಮೊದಲ ವಾರ ಅಂಗಡಿಗೆ ಹೋಗಿ ಒಂದೇ ಒಂದು ಮರಿ ತನ್ನಿ.